ಕರೆಂಟ್ ಪಡೆದ ಅಜ್ಜಿಯ ಮಡಿಲಲ್ಲಿ ಮಗು ಕೂರಬಹುದೇ?

ಕಳೆದ ತಿಂಗಳು ದ್ವಿತೀಯ ಪಿಯುಸಿಯಲ್ಲಿ ನ್ಯೂಕ್ಲಿಯಸ್ ಅಧ್ಯಾಯ ಮುಗಿಸಿ, ಅರ್ಧಾಯುವಿನ ಎರಡು ಲೆಕ್ಕಗಳನ್ನು ಬೋರ್ಡಿನ ಮೇಲೆ ಬಿಡಿಸಿ ಹೊರಗೆ ಬರುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ ಬಾಗಿಲ ಬಳಿ ಕಾದು ನಿಂತಿದ್ದಳು. "ಸರ್, ನಮ್ಮ ಅಜ್ಜಿಗೆ ಕ್ಯಾನ್ಸರ್‌ಗೆ ಕರೆಂಟ್ ಕೊಡ್ತಿದ್ದಾರೆ. ಅಕ್ಕನ ಮಗುವನ್ನು ಅವರ ಹತ್ತಿರ ಬಿಡಬಾರದು ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ನೀವು ಹೇಳಿದ ವಿಕಿರಣವೇ ಅದು ಅಲ್ವಾ ಸರ್? ಅದು ಅಜ್ಜಿಯಿಂದ ಹೊರಗೆ ಬರ್ತದಾ?" ವಿಚಾರಿಸಿದಾಗ ತಿಳಿಯಿತು: ಹದಿನೈದು ದಿನದಿಂದ ಆ ಮನೆಯಲ್ಲಿ ಅಜ್ಜಿಯ ತಟ್ಟೆ, ಲೋಟ, ಚಾಪೆ ಎಲ್ಲವೂ ಬೇರೆ. ಅಜ್ಜಿ ಒಬ್ಬರೇ ಹಿಂದಿನ ಕೋಣೆಯಲ್ಲಿ ಊಟ ಮಾಡುತ್ತಾರೆ. ಮಗು ಅತ್ತರೂ ಎತ್ತಿಕೊಳ್ಳುವುದಿಲ್ಲ.

ಅಂದು ಐದು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನಾನು ಭೌತಶಾಸ್ತ್ರದ ಉಪನ್ಯಾಸಕ, ಡಾಕ್ಟರ್ ಅಲ್ಲ. ಆದರೆ ನನ್ನ ಸೋದರಮಾವನ ಗಂಟಲಿನ ಕ್ಯಾನ್ಸರ್ ಚಿಕಿತ್ಸೆಗೆ ಏಳೆಂಟು ವಾರ ಜೊತೆಯಲ್ಲಿ ಓಡಾಡಿದವನು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡ ಪ್ರಶ್ನೆಗಳೇ ಇಲ್ಲಿ ಹೆಚ್ಚು ಇವೆ. ನಿಮ್ಮ ಮನೆಯ ರೋಗಿಯ ವಿಷಯದಲ್ಲಿ ಕೊನೆಯ ಮಾತು ಅವರ ಡಾಕ್ಟರರದೇ.

ಮೊದಲು ಆ ಅಜ್ಜಿಯ ಪ್ರಶ್ನೆ. ನಮ್ಮ ಜನ "ಕರೆಂಟ್" ಎನ್ನುತ್ತಾರೆ, ಆದರೆ ರೋಗಿಯ ಮೈಗೆ ವಿದ್ಯುತ್ ತಾಗುವುದೇ ಇಲ್ಲ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಲ್ಲಿ ಇಲೆಕ್ಟ್ರಾನ್‌ಗಳನ್ನು ವೇಗಗೊಳಿಸಿ ಟಂಗ್‌ಸ್ಟನ್ ಲೋಹಕ್ಕೆ ಬಡಿಸುತ್ತಾರೆ. ಅಲ್ಲಿಂದ ಹೊರಡುವುದು ಎಕ್ಸ್ ಕಿರಣ. 1895ರಲ್ಲಿ ರಾಂಟ್‌ಜನ್ ಕಂಡದ್ದೂ ಅದೇ ಕಿರಣ, ಇಲ್ಲಿ ಅದರ ಶಕ್ತಿ ಬಹಳ ಹೆಚ್ಚು, ಅಷ್ಟೇ. ಕೆಲವು ಆಸ್ಪತ್ರೆಗಳಲ್ಲಿ ಈಗಲೂ ಕೋಬಾಲ್ಟ್-60 ಯಂತ್ರವಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ ಭಾಭಾಟ್ರಾನ್ ಕೂಡ ಅದೇ ಜಾತಿಯದು. ಅದರಿಂದ ಬರುವುದು ಗಾಮಾ ಕಿರಣ. ಎರಡೂ ಬೆಳಕಿನ ಬಂಧುಗಳೇ. ಟಾರ್ಚ್ ಹಾಕಿದರೆ ಗೋಡೆ ಬೆಳಗುತ್ತದೆ, ಆರಿಸಿದ ಮೇಲೆ ಗೋಡೆಯಿಂದ ಬೆಳಕು ಬರುವುದಿಲ್ಲ. ಹಾಗೆಯೇ ಯಂತ್ರ ನಿಂತ ಮೇಲೆ ರೋಗಿಯ ಮೈಯಿಂದ ಕಿರಣ ಬರುವುದಿಲ್ಲ. ಬೆವರು, ಎಂಜಲು, ಬಟ್ಟೆ, ತಟ್ಟೆ ಯಾವುದರಲ್ಲೂ ಏನೂ ಇರುವುದಿಲ್ಲ. ಮಗು ಮಡಿಲಲ್ಲಿ ಕೂರಬಹುದು, ಮಲಗಬಹುದು.

"ಹಾಗಾದರೆ ಕಿರಣ ಕೊಡುವಾಗ ಸಿಬ್ಬಂದಿ ಯಾಕೆ ಹೊರಗೆ ಓಡುತ್ತಾರೆ?" ಎಂದು ಮಾವ ಮೊದಲ ದಿನವೇ ಕೇಳಿದ್ದರು. ಸಿಬ್ಬಂದಿಗೆ ದಿನಕ್ಕೆ ಹತ್ತಾರು ರೋಗಿಗಳು, ವರ್ಷಕ್ಕೆ ನೂರಾರು ದಿನ. ಪ್ರತಿ ಸಲ ಒಳಗೇ ನಿಂತರೆ ಯಾವ ಉಪಯೋಗವೂ ಇಲ್ಲದೆ ಅವರ ಮೈಗೆ ಕಿರಣ ಸೇರುತ್ತಾ ಹೋಗುತ್ತದೆ. ಅವರು ಹೊರಗಿನಿಂದ ಕ್ಯಾಮೆರಾದಲ್ಲಿ ರೋಗಿಯನ್ನು ನೋಡುತ್ತಿರುತ್ತಾರೆ, ಮೈಕಿನಲ್ಲಿ ಮಾತನಾಡುತ್ತಾರೆ. ಹೆಂಗಸರು ಬೇಕೆಂದರೆ ಮಹಿಳಾ ಟೆಕ್ನಿಷಿಯನ್ ಇದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಬಹುದು. ಅದರಲ್ಲಿ ಸಂಕೋಚ ಬೇಡ.

ಇದಕ್ಕೆ ಅಪವಾದವೂ ಇದೆ, ಅದನ್ನು ಬಿಟ್ಟರೆ ಅರ್ಧ ಸತ್ಯ ಹೇಳಿದಂತೆ. ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131 ಎಂಬ ವಿಕಿರಣಶೀಲ ಔಷಧವನ್ನು ನುಂಗಲು ಕೊಡುತ್ತಾರೆ. ಅದು ದೇಹದೊಳಗೇ ಇದ್ದು ಕಿರಣ ಬಿಡುತ್ತದೆ. ಅರ್ಧಾಯು ಸುಮಾರು 8 ದಿನ. ಇಂಥ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿ ಇಡುತ್ತಾರೆ, ಮನೆಗೆ ಕಳಿಸಿದ ಮೇಲೂ ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರ ಇರಲು ಹೇಳುತ್ತಾರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕಿರಣ ಹೊರಗಿನ ಯಂತ್ರದಿಂದಲೋ, ಒಳಗೆ ಕೊಟ್ಟ ಔಷಧದಿಂದಲೋ?

ಇನ್ನು ಎರಡನೆಯ ಭಯ: "ಸುಟ್ಟುಬಿಡುತ್ತಾರೆ." ಇದಕ್ಕೆ ನಿಮ್ಮ ಪಠ್ಯದ ಲೆಕ್ಕವೇ ಸಾಕು. ವಿಕಿರಣದ ಪ್ರಮಾಣವನ್ನು ಗ್ರೇ ಎಂಬ ಮಾನದಲ್ಲಿ ಅಳೆಯುತ್ತಾರೆ. ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೌಲ್ ಶಕ್ತಿ ಹೀರಿದರೆ ಅದು 1 ಗ್ರೇ. ದಿನದ ಒಂದು ಸಿಟ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಕೊಡುವುದು 2 ಗ್ರೇ. ಚಿಕಿತ್ಸೆಯ ಜಾಗ ಒಂದು ಕಿಲೋ ಇದೆ ಎಂದುಕೊಳ್ಳಿ, ಅಲ್ಲಿಗೆ ಸೇರಿದ್ದು 2 ಜೌಲ್. ನೀರಿನ ವಿಶಿಷ್ಟೋಷ್ಣ 4200 ಹಿಡಿದು ಭಾಗಿಸಿದರೆ ಉಷ್ಣತೆ ಏರುವುದು 0.0005 ಡಿಗ್ರಿಯಷ್ಟು. ಈಗ 60 ಡಿಗ್ರಿಯ 200 ಮಿಲಿ ಲೀಟರ್ ಚಹಾ ಕುಡಿಯಿರಿ. ಅದು 37 ಡಿಗ್ರಿಗೆ ಇಳಿಯುವಷ್ಟರಲ್ಲಿ ನಿಮ್ಮ ದೇಹಕ್ಕೆ ಕೊಡುವ ಶಾಖ 19,000 ಜೌಲ್‌ಗೂ ಹೆಚ್ಚು. ಚಹಾ ಯಾರನ್ನೂ ಕೊಲ್ಲುವುದಿಲ್ಲ, 2 ಜೌಲ್ ವಿಕಿರಣ ಕೋಶಗಳನ್ನು ಕೊಲ್ಲುತ್ತದೆ. ಅಂದ ಮೇಲೆ ಕೆಲಸ ಮಾಡುವುದು ಶಾಖ ಅಲ್ಲ.

ಕೆಲಸ ಮಾಡುವುದು ಅಯಾನೀಕರಣ. ಚಹಾದ ಶಕ್ತಿ ಎಲ್ಲ ಅಣುಗಳಿಗೂ ಚೂರುಚೂರು ಹಂಚಿಹೋಗುತ್ತದೆ. ಕೋಬಾಲ್ಟ್‌ನ ಒಂದು ಗಾಮಾ ಫೋಟಾನ್‌ನಲ್ಲಾದರೋ ಸರಾಸರಿ 1.25 ಮಿಲಿಯನ್ ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಒಟ್ಟಾಗಿ ಇರುತ್ತದೆ. ಅದು ಇಲೆಕ್ಟ್ರಾನ್‌ಗಳನ್ನು ಕಿತ್ತೆಸೆಯುತ್ತದೆ. ಆ ಇಲೆಕ್ಟ್ರಾನ್‌ಗಳು ನೇರವಾಗಿ ಅಥವಾ ನೀರಿನ ಅಣುವನ್ನು ಒಡೆದು ಹುಟ್ಟಿಸಿದ ರ್‍ಯಾಡಿಕಲ್‌ಗಳ ಮೂಲಕ ಡಿಎನ್‌ಎಯ ಎರಡೂ ಎಳೆಗಳನ್ನು ತುಂಡರಿಸುತ್ತವೆ. ಜೀವಶಾಸ್ತ್ರದವರು ಇಲ್ಲಿಂದ ಮುಂದೆ ಹೇಳಬಲ್ಲರು: ಆರೋಗ್ಯವಂತ ಕೋಶ ಗಾಯವನ್ನು ಕೆಲವು ಗಂಟೆಗಳಲ್ಲಿ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೆ ಆ ಸಾಮರ್ಥ್ಯ ಕಡಿಮೆ. ದಿನಕ್ಕೆ ಸ್ವಲ್ಪ ಸ್ವಲ್ಪ ಕೊಡುವುದು ಇದಕ್ಕಾಗಿ. ಗಾಯಗೊಂಡ ಕೋಶ ಹೆಚ್ಚಾಗಿ ಸಾಯುವುದು ಮುಂದೆ ವಿಭಜನೆಯಾಗಲು ಹೊರಟಾಗ. ಹಾಗಾಗಿ ಮೊದಲ ಎರಡು ವಾರ ರೋಗಿಗೆ ಏನೂ ಅನಿಸದೇ ಇರಬಹುದು. ಹುಣ್ಣು, ಉರಿ ಮೂರನೇ ವಾರದ ಹೊತ್ತಿಗೆ ಶುರುವಾಗಿ, ಕೊನೆಯ ಸಿಟ್ಟಿಂಗ್ ಆದ ಮೇಲೂ ಕೆಲವು ವಾರ ಇರುತ್ತದೆ.

ಮಾವನ ವಿಷಯಕ್ಕೆ ಬರುತ್ತೇನೆ. ಅವರು ದಕ್ಕೆಯಲ್ಲಿ ಮೀನು ಹರಾಜು ಕೂಗುವವರು. ಮೂವತ್ತು ವರ್ಷ ಬೆಳಗಿನ ಜಾವ ಅವರ ಧ್ವನಿ ಕೇಳಿ ಬುಟ್ಟಿಗಳ ಬೆಲೆ ನಿಂತದ್ದು. ಅಷ್ಟೇ ವರ್ಷ ಬೀಡಿಯನ್ನೂ ಸೇದಿದವರು. ಧ್ವನಿ ಒಡೆದು ನಾಲ್ಕು ತಿಂಗಳಾದರೂ "ಕೂಗಿ ಕೂಗಿ ಹೀಗಾಗಿದೆ" ಎಂದು ಶುಂಠಿ ಕಷಾಯ ಕುಡಿದರು. ಮೂರು ವಾರ ಮೀರಿ ಧ್ವನಿ ಒಡೆದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರರಿಗೆ ತೋರಿಸಬೇಕು. ಅದು ನಮಗೆ ಆಗ ಗೊತ್ತಿರಲಿಲ್ಲ. ಬಯಾಪ್ಸಿ ಆಯಿತು: ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಮೂರನೇ ಹಂತ.

ರಿಪೋರ್ಟ್ ಬಂದ ದಿನ ನಾವು ಮನೆಯವರೆಲ್ಲ ಕೋಣೆಯ ಹೊರಗೆ ಗುಸುಗುಸು ಮಾಡಿ, "ಮಾವನಿಗೆ ಹೇಳುವುದು ಬೇಡ, ನಾವೇ ತೀರ್ಮಾನ ಮಾಡೋಣ" ಎಂದುಕೊಂಡೆವು. ಡಾಕ್ಟರ್ ಮೇಡಂ ನಮ್ಮನ್ನು ಬದಿಗಿಟ್ಟು ನೇರ ಮಾವನನ್ನೇ ಕೇಳಿದರು: "ನಿಮಗೆ ನಿಮ್ಮ ಧ್ವನಿ ಎಷ್ಟು ಮುಖ್ಯ?" ಮಾವ ನಕ್ಕರು. "ಅದರಲ್ಲೇ ಅಲ್ವಾ ಮೇಡಂ ಅನ್ನ" ಎಂದರು. ಆಮೇಲೆ ಮೇಡಂ ಎರಡೂ ದಾರಿಗಳನ್ನು ಅವರಿಗೇ ವಿವರಿಸಿದರು. ಒಂದು, ಧ್ವನಿಪೆಟ್ಟಿಗೆಯನ್ನೇ ತೆಗೆಯುವ ಆಪರೇಷನ್. ಕುತ್ತಿಗೆಯಲ್ಲಿ ಮಾಡಿದ ರಂಧ್ರದಿಂದ ಉಸಿರಾಟ, ಮಾತಿಗೆ ಒಳಗೆ ಕೂರಿಸುವ ಕವಾಟ ಅಥವಾ ಕುತ್ತಿಗೆಗೆ ಒತ್ತಿ ಹಿಡಿಯುವ ಉಪಕರಣ. ಇನ್ನೊಂದು, ಏಳು ವಾರ ರೇಡಿಯೇಷನ್, ಒಟ್ಟು 35 ಸಿಟ್ಟಿಂಗ್, 70 ಗ್ರೇ, ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕಿಮೋ. ಧ್ವನಿಪೆಟ್ಟಿಗೆ ಉಳಿಯಬಹುದು. ರೋಗ ಹೋಗದಿದ್ದರೆ ಆಮೇಲೆ ಆಪರೇಷನ್ ಮಾಡಬೇಕಾಗಬಹುದು, ಆಗ ಗಾಯ ಮಾಯುವುದು ಕಷ್ಟ.

ಇಂಥ ಆಯ್ಕೆ ಸಾಧ್ಯವಾದದ್ದು ಹಿಂದಿನ ರೋಗಿಗಳಿಂದ. ಅಮೆರಿಕದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಈ ರೋಗವಿದ್ದ 332 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್ ಮತ್ತು ರೇಡಿಯೇಷನ್, ಇನ್ನೊಂದಕ್ಕೆ ಮೊದಲು ಕಿಮೋ, ನಂತರ ರೇಡಿಯೇಷನ್ ಕೊಟ್ಟರು. 1991ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಬಳಿಕ ಬದುಕಿದ್ದವರು ಎರಡೂ ಗುಂಪಿನಲ್ಲಿ ಶೇ. 68. ಎರಡನೇ ಗುಂಪಿನ ಶೇ. 64 ಮಂದಿಯಲ್ಲಿ ಧ್ವನಿಪೆಟ್ಟಿಗೆ ಉಳಿದಿತ್ತು. ಕಿಮೋವನ್ನು ರೇಡಿಯೇಷನ್ ಜೊತೆಜೊತೆಗೇ ಕೊಟ್ಟರೆ ಇನ್ನೂ ಹೆಚ್ಚು ಮಂದಿಯಲ್ಲಿ ಉಳಿಯುತ್ತದೆ ಎಂದು ನಂತರ ಕಂಡುಬಂತು. ಮಾವ ಎರಡನೇ ದಾರಿ ಆರಿಸಿಕೊಂಡರು.

ಇದನ್ನು ಓದಿ ಎಲ್ಲ ಕ್ಯಾನ್ಸರ್‌ಗೂ "ಆಪರೇಷನ್ ಬೇಡ, ಕರೆಂಟ್ ಸಾಕು" ಎಂದುಕೊಳ್ಳಬೇಡಿ. ಗುಟ್ಕಾ, ಎಲೆಅಡಿಕೆ-ಹೊಗೆಸೊಪ್ಪಿನಿಂದ ಬರುವ ಕೆನ್ನೆ, ವಸಡಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಮೊದಲು ಆಪರೇಷನ್, ಅಗತ್ಯವಿದ್ದರೆ ಆಮೇಲೆ ರೇಡಿಯೇಷನ್. ಅದನ್ನೂ ಆಪರೇಷನ್ ಆಗಿ ಸುಮಾರು ಆರು ವಾರದೊಳಗೆ ಶುರು ಮಾಡಬೇಕು. ಸ್ತನ ಕ್ಯಾನ್ಸರ್ ಬೇಗ ಪತ್ತೆಯಾದರೆ ಗಡ್ಡೆಯಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ, ಪೂರ್ತಿ ಸ್ತನ ತೆಗೆದರೂ ಬದುಕುಳಿಯುವ ಪ್ರಮಾಣ ಒಂದೇ ಎಂದು ಇಪ್ಪತ್ತು ವರ್ಷ ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನಗಳು 2002ರಲ್ಲೇ ತೋರಿಸಿವೆ. ಅಲ್ಲಿ ತೀರ್ಮಾನ ಆ ಹೆಂಗಸಿನದು. ಆಸ್ಪತ್ರೆ ಎಷ್ಟು ದೂರ, ಮೂರು ವಾರ ದಿನಾ ಯಾರು ಕರೆದುಕೊಂಡು ಹೋಗುತ್ತಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಕೆಲವೊಮ್ಮೆ ಚಿಕಿತ್ಸೆಯನ್ನೇ ಮುಂದೂಡಿ, ಪರೀಕ್ಷೆ ಮಾಡುತ್ತಾ ಕಾಯುವುದೂ ಒಂದು ಒಪ್ಪಿತ ದಾರಿ. ಬ್ರಿಟನ್ನಿನಲ್ಲಿ 1643 ಗಂಡಸರ ಮೇಲೆ ನಡೆದ ಅಧ್ಯಯನದ ಹದಿನೈದು ವರ್ಷದ ಫಲಿತಾಂಶ 2023ರಲ್ಲಿ ಬಂದಾಗ, ಕಾದವರು, ಆಪರೇಷನ್ ಆದವರು, ರೇಡಿಯೇಷನ್ ಪಡೆದವರು ಮೂರೂ ಗುಂಪಿನಲ್ಲಿ ಆ ಕ್ಯಾನ್ಸರ್‌ನಿಂದ ಸತ್ತವರು ಶೇ. 3ರ ಆಸುಪಾಸಿನಲ್ಲೇ ಇದ್ದರು. ಕಾದವರಲ್ಲಿ ರೋಗ ಬೇರೆಡೆಗೆ ಹರಡಿದ್ದು ಮಾತ್ರ ಹೆಚ್ಚು. ಹೀಗೆ ಉತ್ತರ ಒಂದೊಂದು ಅಂಗಕ್ಕೆ, ಒಂದೊಂದು ಹಂತಕ್ಕೆ ಬೇರೆ. ಸಂಶಯವಿದ್ದರೆ ಇನ್ನೊಬ್ಬ ಡಾಕ್ಟರರ ಅಭಿಪ್ರಾಯ ಕೇಳುವುದು ಮೊದಲನೆಯವರಿಗೆ ಅವಮಾನವಲ್ಲ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ ಕೇಳಿ ಪಡೆದುಕೊಂಡು ಹೋಗಿ. ನಾಟಿ ಮದ್ದಿನವರ ಮನೆಗೆ ಹೋಗಿ ತಿಂಗಳು ಕಳೆಯುವುದು ಬೇರೆ ವಿಷಯ. ಗುಣವಾಗಬಹುದಾದ ಕ್ಯಾನ್ಸರ್‌ಗೆ ಪರ್ಯಾಯ ಮದ್ದನ್ನೇ ನಂಬಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಎಂದು 2018ರ ಅಮೆರಿಕದ ಅಧ್ಯಯನ ಹೇಳಿತು.

ರೇಡಿಯೇಷನ್‌ಗೆ ಮೊದಲು ಮಾವನನ್ನು ಹಲ್ಲಿನ ಡಾಕ್ಟರರ ಬಳಿ ಕಳಿಸಿದರು. ದವಡೆಗೆ ಕಿರಣ ಬಿದ್ದ ಮೇಲೆ ಹಲ್ಲು ಕಿತ್ತರೆ ಮೂಳೆ ಮಾಯದೇ ಕೊಳೆಯಬಹುದು, ಆದ್ದರಿಂದ ಹಾಳಾದ ಹಲ್ಲನ್ನು ಮೊದಲೇ ತೆಗೆಯುತ್ತಾರೆ. ಆಮೇಲೆ ಬಿಸಿ ನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿ ಮುಖವಾಡ ಮಾಡಿದರು. ತಲೆ ಅಲ್ಲಾಡದಂತೆ ಹಿಡಿಯಲು ಅದು. ಗುರುತಿನ ಗೆರೆಗಳು ಮುಖವಾಡದ ಮೇಲೇ ಇರುತ್ತವೆ. ಎದೆ, ಹೊಟ್ಟೆಯ ಚಿಕಿತ್ಸೆಯಲ್ಲಿ ಚರ್ಮದ ಮೇಲೆಯೇ ಶಾಯಿಯ ಗೆರೆ ಹಾಕುತ್ತಾರೆ, ಕೆಲವೆಡೆ ಸಣ್ಣ ಹಚ್ಚೆಯ ಚುಕ್ಕಿ. ಸ್ನಾನ, ವುಝೂ ಮಾಡಬಹುದು, ಉಜ್ಜಿ ಅಳಿಸಬಾರದು. ಹಚ್ಚೆ ಬೇಡವೆನಿಸಿದರೆ ಬೇರೆ ವ್ಯವಸ್ಥೆ ಇದೆಯೇ ಎಂದು ಟೆಕ್ನಿಷಿಯನ್‌ರನ್ನು ಮೊದಲೇ ಕೇಳಿ. ಕಿರಣ ಬೀಳುವ ಚರ್ಮಕ್ಕೆ ಪೌಡರ್, ಅತ್ತರ್, ಬ್ಲೇಡ್ ಯಾವುದೂ ಬೇಡ. ಕೂದಲು ಉದುರುವುದು ಕಿರಣ ಬಿದ್ದ ಜಾಗದಲ್ಲಿ ಮಾತ್ರ. ಮಾವನ ತಲೆಗೂದಲು ಹಾಗೇ ಇತ್ತು, ಕೆಳಗಲ್ಲದ ಗಡ್ಡ ಹೋಯಿತು. ರೋಗದ ಹೆಸರು ಕೇಳಿದಾಗ ಅಳದವರು ಅದಕ್ಕೆ ಕಣ್ಣೀರು ಹಾಕಿದರು.

ಚಿಕಿತ್ಸೆ ಶುರುವಾಗಿ ಒಂದು ವಾರಕ್ಕೆ ರಮಝಾನ್ ಬಂತು. ಮಾವ ಯಾರಿಗೂ ಹೇಳದೆ ಮೂರು ಉಪವಾಸ ಹಿಡಿದರು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಏಟು ಕೊಡುವ ಔಷಧ, ಜೊತೆಗೆ ಚೆನ್ನಾಗಿ ನೀರು ಬೇಕೇ ಬೇಕು. ಆ ವಾರ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಕಿಮೋ ಮುಂದೆ ಹೋಯಿತು. ಸಿಸ್ಟರ್ ಕೇಳಿದಾಗ ಗುಟ್ಟು ಹೊರಬಿತ್ತು. ಸಂಜೆ ಮಸೀದಿಯ ಖತೀಬರು ಮನೆಗೇ ಬಂದು, ರೋಗಿಗೆ ಕುರ್‌ಆನ್‌ನಲ್ಲೇ ವಿನಾಯಿತಿ ಇದೆ, ಗುಣವಾದ ಮೇಲೆ ಆ ದಿನಗಳನ್ನು ತುಂಬಿಕೊಡಬಹುದು, ಆಗದಿದ್ದರೆ ಫಿದ್ಯಾ ಇದೆ ಎಂದು ಸಮಾಧಾನ ಹೇಳಿದರು. ಡಾಕ್ಟರರ ಮಾತಿಗಿಂತ ಅದು ಬೇಗ ನಾಟಿತು.

ನಿಜವಾದ ತಪ್ಪು ಆಮೇಲೆ ಆಯಿತು, ಅದರಲ್ಲಿ ನನ್ನ ಪಾಲೂ ಇದೆ. 24 ಸಿಟ್ಟಿಂಗ್ ಮುಗಿದಾಗ ಗಂಟಲು ಪೂರ್ತಿ ಹುಣ್ಣು. ಗಂಜಿಯೂ ಇಳಿಯುತ್ತಿರಲಿಲ್ಲ. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕೋಣ ಎಂದರು ಡಾಕ್ಟರ್. ನಳಿಕೆ ಎಂದರೆ ಕೊನೆಗಾಲ ಎಂದೇ ಮಾವನ ಲೆಕ್ಕ. ಹಬ್ಬವೂ ಹತ್ತಿರ ಬಂದಿತ್ತು. "ಹಬ್ಬ ಮುಗಿಸಿ ಹೋಗ್ತೇನೆ" ಎಂದು ಮನೆಯಲ್ಲೇ ಉಳಿದರು. ನಾನೂ, ಮೂರರಲ್ಲಿ ಎರಡು ಪಾಲು ಡೋಸ್ ಆಗಿದೆ, ಉಳಿದದ್ದನ್ನು ಬ್ಯಾಂಕ್ ಸಾಲದ ಕಂತಿನಂತೆ ಆಮೇಲೆ ಕಟ್ಟಬಹುದು ಎಂದುಕೊಂಡೆ. ಎಂಟು ದಿನ ಹೋಯಿತು, ಆರು ಸಿಟ್ಟಿಂಗ್ ತಪ್ಪಿತು.

ಗ್ರೇ ಕೂಡಿಸುವುದು ಗೊತ್ತಿದ್ದ ನನಗೆ ಕೋಶ ಸುಮ್ಮನೆ ಕಾಯುವುದಿಲ್ಲ ಎಂಬುದು ಹೊಳೆಯಲಿಲ್ಲ. ಗಂಟಲು, ಬಾಯಿಯ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕನೇ ವಾರದ ಹೊತ್ತಿಗೆ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಇಮ್ಮಡಿಸತೊಡಗುತ್ತವೆ. ಚಿಕಿತ್ಸೆ ಒಂದು ದಿನ ಉದ್ದವಾದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಶೇಕಡಾ ಒಂದು, ಒಂದೂವರೆಯಷ್ಟು ಇಳಿಯುತ್ತದೆ ಎನ್ನುತ್ತಾರೆ. ವಾಪಸು ಹೋದಾಗ ಮೇಡಂ ಬೈಯಲಿಲ್ಲ. ಕೆಲವು ದಿನ ಕನಿಷ್ಠ ಆರು ಗಂಟೆ ಬಿಟ್ಟು ದಿನಕ್ಕೆ ಎರಡು ಸಿಟ್ಟಿಂಗ್, ಒಂದು ಶನಿವಾರವೂ ಒಂದು, ಹೀಗೆ ಕಳೆದ ದಿನಗಳನ್ನು ಆದಷ್ಟು ಹಿಂದಕ್ಕೆ ತಂದರು. ನಳಿಕೆಯನ್ನೂ ಹಾಕಿದರು. ಐದು ವಾರದ ಬಳಿಕ ಅದನ್ನು ತೆಗೆದರು, ಅಷ್ಟೇ. ಯಂತ್ರ ಕೆಟ್ಟರೂ, ಜ್ವರ ಬಂದರೂ, ಮದುವೆ ಇದ್ದರೂ "ತಪ್ಪಿದ ದಿನಕ್ಕೆ ಏನು ಮಾಡುತ್ತೀರಿ?" ಎಂದು ಕೇಳಿ. ಹುಣ್ಣಾದರೆ ಮನೆಯಲ್ಲಿ ಕೂರಬೇಡಿ, ನೋವಿಗೆ ಮಾರ್ಫಿನ್‌ವರೆಗೆ ಮದ್ದು ಇದೆ. ಚಿಕಿತ್ಸೆಯ ನಡುವೆ ಬೀಡಿ ಸೇದಿದರೆ ರೇಡಿಯೇಷನ್‌ನ ಫಲವೇ ಕಡಿಮೆಯಾಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಖರ್ಚಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಸಿಗುತ್ತದೆ, ಕ್ಯಾನ್ಸರ್ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಸರಕಾರದ್ದೇ ಆದ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ. ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನಲ್ಲಿ 1973ರಲ್ಲಿ ಶುರುವಾದದ್ದು. ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯಿಂದ ಸರ್ಟಿಫಿಕೇಟ್ ಕೇಳಿ ಪಡೆಯಿರಿ.

ಮಾವನಿಗೆ ಈಗ ಒಂದೂವರೆ ವರ್ಷವಾಯಿತು. ಮೂರು ತಿಂಗಳಿಗೊಮ್ಮೆ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ, ಇದುವರೆಗೆ ಏನೂ ಕಂಡಿಲ್ಲ. ಬಾಯಿ ಒಣಗುತ್ತದೆ, ನೀರಿನ ಬಾಟಲಿ ಬಿಟ್ಟು ಹೊರಡುವುದಿಲ್ಲ. ಧ್ವನಿ ಇದೆ, ದಕ್ಕೆಯ ಗದ್ದಲದಲ್ಲಿ ಕೇಳುವಷ್ಟಿಲ್ಲ. ಮಗ ಕೂಗುತ್ತಾನೆ, ಮಾವ ಪಕ್ಕದಲ್ಲಿ ಕೂತು ಲೆಕ್ಕ ಬರೆಯುತ್ತಾರೆ. ಆ ಎಂಟು ದಿನದ ಬೆಲೆ ಎಷ್ಟೆಂದು ನಾನು ಮೇಡಂ ಬಳಿ ಕೇಳಿದ್ದೆ. "ಐದು ವರ್ಷ ದಾಟಲಿ, ಆಮೇಲೆ ಮಾತಾಡೋಣ" ಎಂದರು.

ಆ ವಿದ್ಯಾರ್ಥಿನಿ ಮರುವಾರ ಸ್ಟಾಫ್ ರೂಮಿಗೆ ಬಂದಳು. ಅಜ್ಜಿಗೆ ಗರ್ಭಕೊರಳಿನ ಕ್ಯಾನ್ಸರ್. ಹೊರಗಿನ ಸಿಟ್ಟಿಂಗ್ ಮುಗಿಯುತ್ತಿದೆ, ಇನ್ನು "ಒಳಗಿನ ಕರೆಂಟ್" ಕೊಡುತ್ತಾರಂತೆ. ಅಕ್ಕ ಆಸ್ಪತ್ರೆಯಲ್ಲಿ ಕೇಳಿಕೊಂಡು ಬಂದಿದ್ದಳು: ಅಕ್ಕಿಕಾಳಿನಷ್ಟಿರುವ ಇರಿಡಿಯಂ-192 ತುಣುಕು ತಂತಿಯ ತುದಿಯಲ್ಲಿ ಒಳಗೆ ಹೋಗಿ, ಕೆಲವು ನಿಮಿಷ ಇದ್ದು, ಯಂತ್ರಕ್ಕೆ ಮರಳುತ್ತದೆ, ಒಳಗೆ ಏನೂ ಉಳಿಯುವುದಿಲ್ಲ. ಹಾಗಾಗಿ ಮಗುವನ್ನು ಅಜ್ಜಿಯ ಬಳಿ ಬಿಟ್ಟಿದ್ದಾರೆ. ತಟ್ಟೆಯೂ ಎಲ್ಲರ ಜೊತೆ ಸೇರಿದೆ. ಪಕ್ಕದ ಮನೆಯವರಿಗೆ ಯಾರು ಹೇಳುವುದು ಎಂಬುದಷ್ಟೇ ಈಗ ಅವರ ಚರ್ಚೆ.

ಅಭ್ಯಾಸಕ್ಕೆ: ಇರಿಡಿಯಂ-192ರ ಅರ್ಧಾಯು 74 ದಿನ. ಹೊಸ ಮೂಲದಿಂದ ಒಬ್ಬ ರೋಗಿಗೆ 6 ನಿಮಿಷ ಬೇಕಾದರೆ, ಅದೇ ಮೂಲವನ್ನು ಬದಲಿಸದೆ ಇಟ್ಟುಕೊಂಡರೆ 148 ದಿನದ ಬಳಿಕ ಅಷ್ಟೇ ಡೋಸ್‌ಗೆ ಎಷ್ಟು ನಿಮಿಷ ಬೇಕು? ಆಸ್ಪತ್ರೆಗಳು ಇದನ್ನು ಮೂರು-ನಾಲ್ಕು ತಿಂಗಳಿಗೊಮ್ಮೆ ಬದಲಿಸುವುದೇಕೆ? ಉತ್ತರ ಬರೆದು ಸ್ಟಾಫ್ ರೂಮಿನಲ್ಲಿ ಕೊಡಿ.